ಹೊನ್ನಿಯ ಬಲೆಗಂಟು

ಅರವತ್ತೇಳು ಅರವತ್ತೆಂಟರ ಸುಮಾರಿಗೆ ಹಳದೀಪುರದಲ್ಲಿ ಬಸ್ಸಿಳಿದು ಹೊನ್ನಿಯ ಮನೆ ಯಾವುದು ಎಂದು ಕೇಳಿದರೆ, "ದಾರದ ಹೊನ್ನಿಯ?" ಎಂದು ಒಮ್ಮೆ ಕೇಳಿಯೇ ದಾರಿ ತೋರಿಸುತ್ತಿದ್ದರು. ಅವಳ ಮನೆಯ ಜಗಲಿಯಲ್ಲಿ ಒಂದು ಗೂಟ, ಗೂಟದ ತುಂಬ ಕರಿಯ ಉಡಿದಾರಗಳು. ಹೊಸಬರು ಅದನ್ನು ನೋಡಿ ಮಾಟವೋ ಮದ್ದೋ ಎಂದು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಮಾಟ ಬಂದಿದ್ದರೆ ಅವಳು ಗಂಡನನ್ನು ಉಳಿಸಿಕೊಳ್ಳುತ್ತಿರಲಿಲ್ಲವೇ? ಅವು ಕೇರಿಯ ಗಂಡಸರ ಸೊಂಟದ ಅಳತೆಗಳು, ಅಷ್ಟೆ. ಆ ಅಳತೆ ಕಲಿಯಲು ಅವಳು ಕೊಟ್ಟ ಬೆಲೆಯನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಹೊನ್ನಿಯ ತವರು ಅಘನಾಶಿನಿ. ಹೊಳೆಯಲ್ಲಿ ಇಳಿತ ಬಂದಾಗ ಸೊಂಟದವರೆಗೆ ನೀರಿಗಿಳಿದು ಬೆಳಚಿನ ಚಿಪ್ಪು ಹೆಕ್ಕಿ ಬೆಳೆದವಳು. ನೆರೆಯ ಅಂಬಿಗರು ಬಲೆ ಹೆಣೆಯುವಾಗ ಪಕ್ಕದಲ್ಲಿ ಕೂತು, ಎಳೆದಷ್ಟೂ ಬಿಗಿಯಾಗುವ, ಒಮ್ಮೆ ಹಾಕಿದರೆ ಜಾರದ ಬಲೆಗಂಟನ್ನು ಕಲಿತಿದ್ದಳು. ಹಳದೀಪುರದ ಶನಿಯಾರನನ್ನು ಮದುವೆಯಾಗಿ ಬಂದ ಮೇಲೆ ಆ ಗಂಟು ಹಾಕಲು ಅವಳಿಗೆ ಬಲೆಯೇ ಇರಲಿಲ್ಲ. ಶನಿಯಾರ ತೆಂಗಿನಮರ ಹತ್ತುವವನು. ಸೊಂಟಕ್ಕೆ ಕತ್ತಿ ಸಿಕ್ಕಿಸಿ ದಿನಕ್ಕೆ ನಲವತ್ತು ಮರ ಹತ್ತಿ ಇಳಿದು, ಸಂಜೆ ಹೆಂಡತಿಯನ್ನು ಕೆಣಕುವಷ್ಟು ಉಸಿರು ಉಳಿಸಿಕೊಂಡು ಮನೆಗೆ ಬರುತ್ತಿದ್ದ. ಮಕ್ಕಳಾಗಲಿಲ್ಲ. ಮನೆಯಲ್ಲಿ ಅವನ ತಾಯಿ ಸುಕ್ರಿ, ತಮ್ಮ ಬೊಮ್ಮ, ಹೊನ್ನಿ, ಅವನು. ನಾಲ್ಕೇ ಜನ.

ಆ ಮನೆಯ ಉಡಿದಾರಗಳೆಲ್ಲ ಸುಕ್ರಿಯ ಕೈಯವು. ಕರಿಯ ನೂಲನ್ನು ತೊಡೆಯ ಮೇಲೆ ಹೊಸೆದು, ಒಂದು ತುದಿಗೆ ಕುಣಿಕೆ ಮಾಡಿ, ಇನ್ನೊಂದು ತುದಿಯನ್ನು ಅದರೊಳಗೆ ಬಿಗಿಯಾಗಿ ಜಾರುವಂತೆ ಹಾಯಿಸಿ ಕಟ್ಟುತ್ತಿದ್ದಳು. ಕುಣಿಕೆಯಿಂದಾಚೆ ನಾಲ್ಕು ಬೆರಳು ದಾರ ಬಿಟ್ಟೇ ಕತ್ತರಿಸಬೇಕು. ಬಿಗಿಯಾಗಿ ಕತ್ತರಿಸಿದರೆ ಮೈ ಬೆಳೆಯುವುದಿಲ್ಲ, ಆಯುಸ್ಸೂ ಬೆಳೆಯುವುದಿಲ್ಲ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು. ವರ್ಷಕ್ಕೊಮ್ಮೆ ನೂಲಹುಣ್ಣಿಮೆಗೆ ಹಳೆಯದನ್ನು ಕತ್ತರಿಸಿ ಹೊಳೆಗೆ ಬಿಡುವುದು, ಹೊಸದನ್ನು ಕಟ್ಟುವುದು. ಹಳೆಯದಕ್ಕೂ ಹೊಸದಕ್ಕೂ ಎಷ್ಟು ವ್ಯತ್ಯಾಸ ಎಂದು ಯಾರೂ ನೋಡುತ್ತಿರಲಿಲ್ಲ. ಮೈಯಿಂದ ಬಿಟ್ಟದ್ದನ್ನು ಮನೆಯಲ್ಲಿ ಇಟ್ಟುಕೊಳ್ಳುವುದುಂಟೇ?

ಐವತ್ತೆಂಟರ ಮಳೆಗಾಲದ ಕೊನೆಗೆ ಕೇರಿಗೆ ಕಾಮಾಲೆ ಬಂತು. ಅಣ್ಣತಮ್ಮ ಇಬ್ಬರೂ ಅರಿಸಿನದ ಬಣ್ಣವಾಗಿ ಮಲಗಿದರು. ರಟ್ಟೆಗೆ ಬರೆ ಹಾಕಿಸಿದ್ದಾಯಿತು, ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸಿದ್ದಾಯಿತು. ತಿಂಗಳೊಪ್ಪತ್ತಿನಲ್ಲಿ ಎದ್ದು ಓಡಾಡಿದರು. ಎದ್ದವರು ಗೆದ್ದರು ಎಂದೇ ಎಲ್ಲರ ಲೆಕ್ಕ.

ಮೂರು ವರ್ಷ ಕಳೆದು ಅರವತ್ತೊಂದರ ಮಳೆ ಮುಗಿಯುವಾಗ ಶನಿಯಾರನಿಗೆ ಹೊಟ್ಟೆ ಬಂತು. ಬಡವನಿಗೆ ಹೊಟ್ಟೆ ಬಂದರೆ ಊರಿಗೇ ಹಬ್ಬ. "ಶನಿಯಾರ ಪಟೇಲ ಆದ ಕಾಣು" ಎಂದು ತೋಟದವರು ನಕ್ಕರು. ಸುಕ್ರಿಯಂತೂ ಹಿಗ್ಗಿ ಹೀರೆಕಾಯಿಯಾದಳು. ನೂಲಹುಣ್ಣಿಮೆಗೆ ತಾನು ಬಿಟ್ಟ ನಾಲ್ಕು ಬೆರಳು ದಾರ ತೀರಿಹೋಯಿತೆಂದು ಹೊಸದೊಂದನ್ನು ಉದ್ದ ಹೊಸೆದು ಕಟ್ಟಿ, "ನನ್ನ ಕೈ ಗಂಜಿ ಈಗ ಮೈಗೆ ಹತ್ತೂಕೆ ಶುರುವಾತು" ಎಂದು ಕೇರಿಗೆಲ್ಲ ಹೇಳಿಬಂದಳು.

ಹೊನ್ನಿಗೆ ಮಾತ್ರ ಸರಿ ಕಾಣಲಿಲ್ಲ. ಹೊಟ್ಟೆ ಬಂದವನ ತೋಳೂ ತುಂಬಬೇಕು. ಇವನ ರಟ್ಟೆಗೆ ಕಟ್ಟಿದ ತಾಯತ ಸಡಿಲವಾಗಿ ಮೊಣಕೈಯ ಕಡೆಗೆ ಇಳಿಯುತ್ತಿತ್ತು. ಒಂದು ದಿನ ಅವನು ಅರ್ಧ ಮರ ಹತ್ತಿ ನಿಂತುಬಿಟ್ಟ. ಹೊಟ್ಟೆ ಅಡ್ಡ ಬಂದು ಮರವನ್ನು ತಬ್ಬಲು ಆಗಲಿಲ್ಲ. ಕೆಳಗೆ ಕಾಯಿ ಹೆಕ್ಕುತ್ತಿದ್ದ ಹೊನ್ನಿಗೆ, ಮೇಲೆ ಅವನ ಕಾಲು ನಡುಗುವುದು ಕಂಡಿತು. ಇಳಿದು ಬಂದವನು ನಗಲು ನೋಡಿದ. ಅವಳು ನಗಲಿಲ್ಲ.

ದೀಪಾವಳಿ ಕಳೆದ ವಾರ ಅವನನ್ನು ಬೈದು, ಬೇಡಿ, ಕೊನೆಗೆ ಅತ್ತು, ಕುಮಟೆಗೆ ಬಸ್ಸು ಹತ್ತಿಸಿದಳು. ಅಲ್ಲಿನ ಡಾಕ್ಟರು ಹೊಟ್ಟೆಯನ್ನು ಬೆರಳಿನಿಂದ ತಟ್ಟಿ ನೋಡಿದರು, ಕಣ್ಣು ಬಿಡಿಸಿದರು. ಆಮೇಲೆ ದರ್ಜಿಯವರ ಟೇಪನ್ನು ತೆಗೆದು ಹೊಕ್ಕಳಿನ ಮೇಲೆ ಸುತ್ತಿ ಅಳೆದರು, ತೋಳನ್ನೂ ಅಳೆದರು. ಹಿಂದೆ ಕಾಮಾಲೆ ಬಂದಿತ್ತೇ ಎಂದು ಕೇಳಿದರು. ಹೊನ್ನಿ ಹೌದು, ತಮ್ಮನಿಗೂ ಬಂದಿತ್ತು ಎಂದಳು.

"ಇದು ಪುಷ್ಟಿ ಅಲ್ಲ, ನೀರು" ಎಂದರು ಡಾಕ್ಟರು. "ಕಾಮಾಲೆ ಹೋದ ಮೇಲೂ ಕೆಲವರ ಯಕೃತ್ತು ಒಳಗೊಳಗೇ ಕೆಡುತ್ತ ಬರ್ತದೆ. ಎಲ್ಲರಿಗೂ ಹಾಗಾಗುದಿಲ್ಲ. ಆಗುವವರಿಗೆ ಸೊಂಟ ಮೊದಲು ಹೇಳ್ತದೆ, ತೋಳು ಆಮೇಲೆ ಹೇಳ್ತದೆ. ಹೊಟ್ಟೆ ಏರಿ ತೋಳು ಇಳಿದರೆ ಅದನ್ನು ಮೈ ಬಂತು ಅಂತ ತಿಳೀಬಾರದು."

ಇಂಜೆಕ್ಷನ್ ಕೊಟ್ಟರು, ಗುಳಿಗೆ ಕೊಟ್ಟರು. ಉಪ್ಪು ಪೂರ್ತಿ ಬಿಡಬೇಕು ಎಂದರು. ದಿನವೂ ಬೆಳಿಗ್ಗೆ ಗಂಜಿಗೆ ಮೊದಲು ಸೊಂಟ ಅಳೆಯಬೇಕು, ಇವತ್ತಿನ ಅಳತೆ ಮೀರಿದ ದಿನವೇ ಬರಬೇಕು. ತಡಮಾಡಿದರೆ ನೀರು ಮಾತ್ರ ಅಲ್ಲ, ವಿಷ ತಲೆಗೆ ಏರುತ್ತದೆ ಎಂದರು.

"ಟೇಪ್ ಇಲ್ಲ ನಮ್ಮಲ್ಲಿ" ಎಂದಳು ಹೊನ್ನಿ.

ಡಾಕ್ಟರು ಶನಿಯಾರನ ಉಡಿದಾರವನ್ನು ತೋರಿಸಿದರು. ಹೊನ್ನಿ ಅಲ್ಲೇ ಅದನ್ನು ಹೊಕ್ಕಳಿನ ಮೇಲೆ ತಂದು ಸಡಿಲವೂ ಅಲ್ಲದೆ ಬಿಗಿಯೂ ಅಲ್ಲದೆ ಎಳೆದು, ದಾರ ಕುಣಿಕೆಯಿಂದ ಹೊರಬರುವ ಜಾಗದಲ್ಲೇ ಒಂದು ಬಲೆಗಂಟು ಹಾಕಿದಳು. ಹೊಟ್ಟೆ ಇಳಿದರೆ ಗಂಟು ಕುಣಿಕೆಯಿಂದ ದೂರ ಬರುತ್ತದೆ. ಏರಿದರೆ ಕುಣಿಕೆ ಗಂಟನ್ನು ನುಂಗುತ್ತದೆ. ನುಂಗಿದ ದಿನ ಬಸ್ಸು. ಇದಕ್ಕಿಂತ ಸುಲಭದ ಪಾಠ ಯಾವ ಶಾಲೆಯಲ್ಲಿದೆ ಎಂದು ಡಾಕ್ಟರೂ ಮೆಚ್ಚಿಕೊಂಡರು. ಹೊರಡುವಾಗ, "ತಮ್ಮನಿಗೂ ಕಾಮಾಲೆ ಬಂದಿತ್ತು ಅಂದಿರಿ, ಅವನೂ ಸೊಂಟದ ಮೇಲೆ ಕಣ್ಣಿಡಲಿ" ಎಂದರು.

ಬೊಮ್ಮ ಕೇಳಿ ನಕ್ಕುಬಿಟ್ಟ. "ಅಣ್ಣನ ಸೊಂಟಕ್ಕೆ ಒಂದ್ ಡಾಬು ಹಾಕಿದ್ರಿ, ಸಾಕು. ನಂಗೆ ಎಂತದೂ ಆತಿಲ್ಲ."

ಆ ಮೂರು ತಿಂಗಳು ಹೊನ್ನಿಯ ಬದುಕೆಲ್ಲ ಆ ಗಂಟಿನಲ್ಲಿತ್ತು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಗಂಡನ ಹೊಟ್ಟೆಯ ಮುಂದೆ ಕೂರುತ್ತಿದ್ದಳು. ಗಂಟು ಕಂಡರೆ ಆ ದಿನ ಬದುಕಿದಂತೆ. ಉಪ್ಪಿಲ್ಲದ ಗಂಜಿಗೆ ಶನಿಯಾರ ಮುಖ ಸಿಂಡರಿಸುತ್ತಿದ್ದ, ಒಣಮೀನು ಸುಡುವ ವಾಸನೆ ನೆರೆಯಿಂದ ಬಂದರೆ ಮಗುವಿನಂತೆ ಸಿಟ್ಟು ಮಾಡುತ್ತಿದ್ದ. ಅವಳು ತಾನೂ ಉಪ್ಪು ಬಿಟ್ಟಳು. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಕುಣಿಕೆ ಗಂಟನ್ನು ನುಂಗಿತ್ತು. ಮೊದಲ ಬಸ್ಸಿಗೇ ಓಡಿದರು. ಡಾಕ್ಟರು ಇಂಜೆಕ್ಷನ್ ಕೊಟ್ಟರು, ಎರಡು ದಿನ ನೀರು ಹೋಯಿತು, ಗಂಟು ಎರಡು ಬೆರಳು ಹೊರಗೆ ಬಂತು. ಹೊನ್ನಿಗೆ ಆಗ ಧೈರ್ಯ ಬಂತು. ಯಮ ಬಂದರೂ ಮೊದಲು ಈ ಗಂಟನ್ನು ದಾಟಿ ಬರಬೇಕು ಎಂದುಕೊಂಡಳು.

ಯಮ ಬಂದದ್ದು ಪಂಚಾಂಗದ ದಾರಿಯಿಂದ.

ಅರವತ್ತೆರಡರ ಫೆಬ್ರವರಿಯಲ್ಲಿ ಎಂಟು ಗ್ರಹಗಳು ಒಂದೇ ಮನೆಯಲ್ಲಿ ಕೂಡುತ್ತವೆ, ಲೋಕ ಮುಳುಗುತ್ತದೆ ಎಂದು ದೇಶವೆಲ್ಲ ಗುಲ್ಲೆದ್ದಿತು. ಸಮುದ್ರ ಗುಡ್ಡಕ್ಕೆ ಏರಿ ಬರುತ್ತದೆ ಎಂದರು ಕೆಲವರು. ಅಘನಾಶಿನಿಯಿಂದ ಹೊನ್ನಿಯ ಮುದಿ ತಾಯಿ, ಸಾಯುವುದಿದ್ದರೆ ಮಗಳ ಮುಖ ನೋಡಿ ಸಾಯುತ್ತೇನೆ ಎಂದು ಹೇಳಿಕಳಿಸಿದಳು. ಹೊನ್ನಿಗೆ ಕಾಲೇ ಏಳಲಿಲ್ಲ. ಶನಿಯಾರನೇ, "ಹೋಗಿ ಬಾ. ಗಂಟು ನಾ ಕಾಣ್ತೆ, ನಂಗೆ ಕಣ್ಣಿಲ್ವಾ?" ಎಂದು ಕಳಿಸಿದ. ನಾಲ್ಕು ದಿನಕ್ಕೆಂದು ಹೋದವಳು ಹನ್ನೆರಡು ದಿನ ಉಳಿದಳು. ಲೋಕ ಮುಳುಗಲಿಲ್ಲ, ತಾಯಿಗೆ ಮಾತ್ರ ಹೆದರಿಕೆಗೆ ಜ್ವರ ಬಂತು.

ಇಲ್ಲಿ ಹಳದೀಪುರದಲ್ಲಿ ಸುಕ್ರಿ ತನ್ನ ಮನೆಯನ್ನು ಉಳಿಸುವ ಕೆಲಸಕ್ಕೆ ಇಳಿದಿದ್ದಳು. ಗ್ರಹಣ ಬಿಟ್ಟ ಮೇಲೆ ಮಿಂದು ಹಳೇ ಉಡಿದಾರ ಕಳೆಯುವುದು ರೂಢಿ. ಒಂದು ಗ್ರಹದ ಗ್ರಹಣಕ್ಕೇ ಹೀಗಾದರೆ ಎಂಟು ಗ್ರಹಕ್ಕೆ ಬಿಡುವುದುಂಟೇ? ಗಂಡುಮಕ್ಕಳಿಬ್ಬರನ್ನೂ ಕಡಲಿಗೆ ಕರೆದುಕೊಂಡು ಹೋಗಿ ಮೀಯಿಸಿ, ಕತ್ತಿಯಿಂದ ಹಳೆಯ ದಾರ ಕತ್ತರಿಸಿ ತೆರೆಗೆ ಎಸೆದಳು.

"ಅವ್ವಾ, ಅದ್ರಲ್ಲಿ ಹೊನ್ನಿ ಗಂಟು ಇತ್ತು" ಎಂದ ಶನಿಯಾರ.

"ಗಂಟು ತಾನೆ? ನಾ ಹಾಕ್ತೆ. ಅವ್ಳಿಗಿಂತ ಮೊದ್ಲೇ ನಿಂಗೆ ದಾರ ಕಟ್ಟಿದವ್ಳು ನಾನು."

ಹೊಸ ದಾರ ಕಟ್ಟಿ, ಅವಳು ಯಾವತ್ತಿನ ಹಾಗೆ ಕುಣಿಕೆಯಿಂದಾಚೆ ನಾಲ್ಕು ಬೆರಳು ಬಿಟ್ಟು, ಆ ತುದಿಗೆ ಗಂಟು ಹಾಕಿದಳು. ಮಗನ ಆಯುಸ್ಸಿಗೆ ಜಾಗ ಬಿಟ್ಟೆ ಎಂದು ಆ ಮುದುಕಿಯ ಮನಸ್ಸು ನಂಬಿತ್ತು. ಶನಿಯಾರನಿಗೆ ಗೊತ್ತಾಗಲಿಲ್ಲವೇ? ಗೊತ್ತಾಗಿರಲೇಬೇಕು. ಆದರೆ ಮೂರು ತಿಂಗಳಿಂದ ಸೂಜಿ ಚುಚ್ಚಿಸಿಕೊಂಡು ಸಪ್ಪೆ ಉಂಡವನಿಗೆ ಆ ಗಂಟು ಬಿಡುಗಡೆಯಂತೆ ಕಂಡಿತು. ಲೋಕವೇ ಮುಳುಗುವಾಗ ಉಪ್ಪಿನ ಪಥ್ಯ ಯಾರಿಗೆ ಎಂದು ಅವತ್ತು ಮಧ್ಯಾಹ್ನವೇ ಒಣಮೀನು ಸುಡಿಸಿಕೊಂಡು ಉಂಡ. ಮರುದಿನ ಲೋಕ ಇದ್ದ ಹಾಗೇ ಇತ್ತು, ಒಣಮೀನೂ ಇತ್ತು. ಲೋಕ ಮುಳುಗುತ್ತದೆ ಎಂದು ಸಾರಿದವರಲ್ಲಿ ಒಬ್ಬನಾದರೂ ಬಂದು ತಪ್ಪಾಯಿತು ಎಂದು ಹೇಳಿದ್ದರೆ ಕೇಳಿ.

ಹೊನ್ನಿ ಮರಳಿ ಬಂದವಳು ಕೈಯ ಬಟ್ಟೆಮೂಟೆ ಕೆಳಗಿಡುವ ಮೊದಲೇ ಗಂಡನ ಅಂಗಿ ಎತ್ತಿ ನೋಡಿದಳು. ದಾರ ಹೊಸದು. ಗಂಟು ಕುಣಿಕೆಯಿಂದ ಮೂರು ಬೆರಳು ಹೊರಗಿತ್ತು.

"ಅವ್ವ ಬದಲ್ಸಿದ್ಲು. ಗಂಟು ನಿಂದೇ ಜಾಗ್ದಲ್ಲಿ ಹಾಕಿದ್ಲು" ಎಂದ ಶನಿಯಾರ, ಮುಖ ಬೇರೆ ಕಡೆ ಮಾಡಿ.

ಅವಳು ನಂಬಿದಳು. ನಂಬಲು ಅಷ್ಟು ಆಸೆಯಿತ್ತು. ಮೂರು ಬೆರಳು ಇಳಿದಿದೆ ಎಂದು ಅವನ ಹೊಟ್ಟೆಗೆ ಹಣೆಯಿಟ್ಟು ಅತ್ತಳು. ಹಣೆಗೆ ಹೊಟ್ಟೆ ಗಟ್ಟಿಯಾಗಿ ತಾಗಿದ್ದು ಅವಳಿಗೆ ಆಮೇಲೆ ಎಷ್ಟೋ ವರ್ಷ ನೆನಪಾಗುತ್ತಿತ್ತು. ಅವತ್ತು ಮಾತ್ರ ಅದು ಮನಸ್ಸಿಗೆ ತಾಗಲಿಲ್ಲ. ದಿನವೂ ಗಂಟು ಸ್ವಲ್ಪ ಸ್ವಲ್ಪ ಒಳಕ್ಕೆ ಬರುತ್ತಿತ್ತು. ಇನ್ನೂ ಎರಡು ಬೆರಳಿದೆ, ಇನ್ನೂ ಒಂದಿದೆ ಎಂದು ಅವಳು ಸಮಾಧಾನ ಮಾಡಿಕೊಂಡಳು. ಡಾಕ್ಟರು ಹೇಳಿದ್ದು ನುಂಗಿದ ದಿನ ಬರಲು. ಇನ್ನೂ ನುಂಗಿರಲಿಲ್ಲ.

ಶಿವರಾತ್ರಿ ಕಳೆದ ಮೂರನೆಯ ದಿನ ಶನಿಯಾರ ನೀರು ಸೇದಲು ಕೈ ಕೆಳಗೆ ಬಿಟ್ಟಾಗ ರಟ್ಟೆಯ ತಾಯತ ಮೊಣಕೈ ದಾಟಿ ಜಾರಿ ಬಾವಿಗೆ ಬಿತ್ತು. ಹೊನ್ನಿ ಪಕ್ಕದಲ್ಲೇ ನಿಂತಿದ್ದಳು. ಬಾವಿಯೊಳಗೆ ಅದು ಮುಳುಗಿದ ಸದ್ದು ಕೂಡ ಬರಲಿಲ್ಲ. ಸೊಂಟ ಇಳಿದಿದ್ದರೆ ತೋಳು ಯಾಕೆ ಇಳಿಯಿತು? ಅವಳು ಗಂಡನ ಉಡಿದಾರ ಹಿಡಿದು ಗಂಟನ್ನು ಎರಡು ಬೆರಳಲ್ಲಿ ಹೊರಳಿಸಿ ನೋಡಿದಳು. ಸಾದಾ ಗಂಟು. ಯಾವ ಜಾಗ ನೋಡಿ ಹಾಕಿದಿರಿ ಎಂದು ಅವಳು ಒಂದು ದಿನವೂ ಅತ್ತೆಯನ್ನು ಕೇಳಿರಲಿಲ್ಲ.

ಒಳಗೆ ಹೋಗಿ ಕೇಳಿದಳು. "ಅತ್ತೆ, ಗಂಟು ಎಲ್ಲಿ ಹಾಕಿದ್ರಿ ನೀವು?"

"ಎಲ್ಲಿ ಅಂದ್ರೆ? ನಾಕ್ ಬೆರಳು ಬಿಟ್ಟೇ ಹಾಕ್ದೆ. ಬೆಳ್ಯೂ ಮೈ ಅಲ್ವಾ?" ಎಂದಳು ಸುಕ್ರಿ, ಸೊಪ್ಪು ಬಿಡಿಸುತ್ತ. ಸೊಸೆ ತನ್ನ ಕೈಕೆಲಸವನ್ನು ವಿಚಾರಿಸಿದಳೆಂದು ಅವಳಿಗೆ ಸಂತೋಷವೇ ಆಗಿತ್ತು.

ಹೊನ್ನಿಗೆ ಬೈಯಬೇಕೆನಿಸಿತು, ಆ ಸೊಪ್ಪಿನ ಬುಟ್ಟಿಯನ್ನು ಒದೆಯಬೇಕೆನಿಸಿತು. ಎರಡನ್ನೂ ಮಾಡಲು ಹೊತ್ತಿರಲಿಲ್ಲ. ಗಂಡನ ಕೈ ಹಿಡಿದು ರಸ್ತೆಗೆ ಓಡಿದಳು. ಅವನು ನಡುದಾರಿಯಲ್ಲಿ ನಿಂತು ಏದುಸಿರು ಬಿಡುತ್ತ ಹೇಳಿದ, "ನಂಗೆ ಗೊತ್ತಿತ್ತು ಹೊನ್ನಿ. ಬೈಬ್ಯಾಡ. ನಾಕ್ ದಿನ ಉಪ್ಪು ತಿನ್ನುವಾ ಅಂತ ಇತ್ತು." ಅವಳು ಬೈಯಲಿಲ್ಲ. ಬಸ್ಸು ಬರುವ ತನಕ ಅವನನ್ನು ತನ್ನ ಮೈಗೆ ಒರಗಿಸಿಕೊಂಡು ನಿಂತಿದ್ದಳು.

ಡಾಕ್ಟರು ಟೇಪು ಸುತ್ತಿ ಅಳೆದರು. ಮತ್ತೊಮ್ಮೆ ಅಳೆದರು. ಹಿಂದಿನ ಅಳತೆಗಿಂತ ಸುಮಾರು ನಾಲ್ಕು ಬೆರಳು ಹೆಚ್ಚು. "ಮೂರು ವಾರ ಮೊದಲು ಯಾಕೆ ಬರಲಿಲ್ಲ?" ಎಂದು ಕೇಳಿದರು. ಅವರು ಸೂಜಿ ಹಾಕಿ ನೀರು ತೆಗೆದರು, ಇದ್ದ ಔಷಧಿಯನ್ನೆಲ್ಲ ಕೊಟ್ಟರು. ನಾಲ್ಕನೆಯ ದಿನ ಶನಿಯಾರ ಹೊನ್ನಿಯನ್ನು ಗುರುತು ಹಿಡಿಯದಾದ. ಹಾಸಿಗೆಯಲ್ಲಿ ಕೂತು ಎರಡು ಕೈಯಿಂದ ಇಲ್ಲದ ಮರವನ್ನು ತಬ್ಬಲು ನೋಡುತ್ತಿದ್ದ. ಆರನೆಯ ದಿನ ಮಧ್ಯಾಹ್ನ ಹೋದ.

"ಆಗಲೇ ಬಂದಿದ್ದರೂ ಪೂರ್ತಿ ಗುಣ ಆಗ್ತಿತ್ತು ಅಂತ ನಾನು ಹೇಳುದಿಲ್ಲ" ಎಂದರು ಡಾಕ್ಟರು. "ಒಂದು ವರ್ಷ, ಎರಡು ವರ್ಷ ಸಿಕ್ತಿತ್ತೋ ಏನೋ."

ಒಂದು ವರ್ಷವೆಂದರೆ ಎಷ್ಟು ಬೆಳಗು ಎಂದು ಹೊನ್ನಿಗೆ ಗೊತ್ತಿತ್ತು.

ಚಿತೆಯ ಮೇಲಿಡುವ ಮೊದಲು ಉಡಿದಾರ ಕತ್ತರಿಸಿದರು. ಸತ್ತವನ ಸಂಗಡ ಉಡಿದಾರವೂ ಬರುವುದಿಲ್ಲ ಎನ್ನುವುದು ಬರೀ ಗಾದೆಯಲ್ಲ. ಹೊನ್ನಿ ಅದನ್ನು ಬೇಡಿ ಇಸಿದುಕೊಂಡಳು. ಹಿರಿಯರು ಗೊಣಗಿದರು, ಆದರೆ ಅವಳ ಮುಖ ನೋಡಿ ಕೊಟ್ಟರು. ಸುಕ್ರಿ ಎದೆ ಬಡಿದುಕೊಂಡು, "ಎಂಟು ಗ್ರಹ ನನ್ನ ಮಗನ್ನೇ ಹುಡುಕಿ ಬಂತಲ್ಲಾ" ಎಂದು ಅಳುತ್ತಿದ್ದಳು. ಗ್ರಹದ ಮೇಲೆ ತಪ್ಪು ಹಾಕಿ ಬದುಕುತ್ತಾಳಾದರೆ ಬದುಕಲಿ ಎಂದು ಹೊನ್ನಿ ಬಾಯಿ ಮುಚ್ಚಿಕೊಂಡಳು. ಹತ್ತು ದಿನ ಹಾಗೆ ಕಳೆಯಿತು. ಹೇಳಿದರೆ ಮುದುಕಿ ಉಳಿಯುವುದಿಲ್ಲ. ಹೇಳದಿದ್ದರೆ ತನ್ನ ಹೊಟ್ಟೆಯೊಳಗೆ ಬೆಂಕಿ. ಅವಳು ಬೆಂಕಿಯನ್ನೇ ಆರಿಸಿಕೊಂಡಿದ್ದಳು.

ಹನ್ನೊಂದನೆಯ ದಿನ ಸೂತಕ ಕಳೆಯಬೇಕು. ಹೊಳೆಯಲ್ಲಿ ಮಿಂದು ಬಂದ ಬೊಮ್ಮ ದಡದಲ್ಲಿ ನಿಂತ. ಸುಕ್ರಿ ಹೊಸ ದಾರ ಹೆಗಲಿಗೆ ಹಾಕಿಕೊಂಡು, ಮೂಗು ಸುರಿಸುತ್ತ, ಕತ್ತಿ ಹಿಡಿದು ಅವನ ಮುಂದೆ ಬಗ್ಗಿದಳು. ಹೊನ್ನಿ ತುಸು ದೂರದಲ್ಲಿದ್ದಳು. ಒದ್ದೆ ಪಂಚೆಯ ಮೇಲೆ ಬೊಮ್ಮನ ಹೊಟ್ಟೆ ಅವಳಿಗೆ ಕಂಡಿತು. ಹತ್ತು ದಿನ ಕಣ್ಣೀರಿನಲ್ಲಿ ಕಾಣದೆ ಹೋದದ್ದು ಈಗ ಕಂಡಿತು. ಹೊಟ್ಟೆಯ ಮೇಲೆ ಉಡಿದಾರ ಮಾಂಸದೊಳಗೆ ಇಳಿದು ಗೀರು ಬಿದ್ದಿತ್ತು. ತೋಳು ನೋಡಿದಳು. ಅಣ್ಣನ ತೋಳೇ.

ಸುಮ್ಮನಿದ್ದರೆ ದಾರ ಹೊಳೆಗೆ ಹೋಗುತ್ತದೆ, ನಾಲ್ಕು ಬೆರಳು ಬಿಟ್ಟ ಹೊಸ ದಾರ ಬರುತ್ತದೆ, ಎಲ್ಲರೂ ಬೊಮ್ಮ ಪಟೇಲನಾದ ಎನ್ನುತ್ತಾರೆ. ಬಾಯಿ ಬಿಟ್ಟರೆ ಸುಕ್ರಿಗೆ ಎಲ್ಲವೂ ತಿಳಿಯುತ್ತದೆ. ಕತ್ತಿ ದಾರಕ್ಕೆ ತಾಗುವಾಗ ಹೋಗಿ ಅತ್ತೆಯ ಕೈ ಹಿಡಿದಳು.

"ಕೊಯ್ಯಬ್ಯಾಡಿ ಅತ್ತೆ. ಮೊದ್ಲು ಕಾಣಿ."

"ಎಂತ ಕಾಣೂದು?"

ಹೊನ್ನಿ ಬೊಮ್ಮನ ಕುಣಿಕೆಯನ್ನು ಬೆರಳಿಟ್ಟು ತೋರಿಸಿದಳು. ಕುಣಿಕೆಯಿಂದಾಚೆ ದಾರವೇ ಇರಲಿಲ್ಲ. ತುದಿ ಕುಣಿಕೆಯ ಅಂಚಿಗೆ ಬಂದು ನಿಂತಿತ್ತು.

ಸುಕ್ರಿ ಬಗ್ಗಿ ನೋಡಿದಳು. ಕೈಯಿಂದ ಮುಟ್ಟಿ ನೋಡಿದಳು. ನಲವತ್ತು ವರ್ಷ ದಾರ ಹೊಸೆದ ಕೈ ಅದು, ಅದಕ್ಕೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. "ನಾಕ್ ಬೆರಳು ಬಿಟ್ಟಿದ್ದೆ" ಎಂದಳು ತನಗೆ ತಾನೇ. "ಅಷ್ಟಗ್ರಹದ ದಿನ ಕಟ್ಟಿದ್ದು. ಎರಡ್ ತಿಂಗ್ಳೂ ಆಗ್ಲಿಲ್ಲ. ಎಲ್ಲೋತು ಅದು?"

"ಒಳಗೆ ನೀರು ತುಂಬ್ತದೆ. ಡಾಕ್ಟ್ರ ಹತ್ರ ಇವತ್ತೇ ಹೋಗೂದು" ಎಂದಳು ಹೊನ್ನಿ. ಬೊಮ್ಮ ಈ ಸಲ ನಗಲಿಲ್ಲ.

ಸುಕ್ರಿ ಬಗ್ಗಿದವಳು ಹಾಗೇ ಮಣ್ಣಿನ ಮೇಲೆ ಕೂತಳು. ಕತ್ತಿ ಪಕ್ಕದಲ್ಲಿ ಬಿತ್ತು. ತಲೆಯೆತ್ತಿ ಸೊಸೆಯ ಮುಖ ನೋಡಿದಳು.

"ಹೊನ್ನಿ, ಶನಿಯಾರಂದೂ ಹೀಂಗೇ ಆತಾ?"

ಇಲ್ಲ ಎನ್ನಬೇಕೆಂದು ಹೊನ್ನಿ ಬಾಯಿ ತೆರೆದಳು. ಇಲ್ಲ ಎಂಬುದು ಎರಡೇ ಅಕ್ಷರ, ಅದೂ ಬರಲಿಲ್ಲ.

ಅವತ್ತು ಮಧ್ಯಾಹ್ನದ ಬಸ್ಸಿಗೆ ಹೊನ್ನಿ ಬೊಮ್ಮನನ್ನು ಕುಮಟೆಗೆ ಕರೆದೊಯ್ದಳು. ಬೊಮ್ಮ ಉಪ್ಪು ಬಿಟ್ಟು, ಬಲೆಗಂಟಿನ ದಾರ ಕಟ್ಟಿಕೊಂಡು, ಮತ್ತೆ ಆರು ವರ್ಷ ಬದುಕಿದ. ಐವತ್ತೆಂಟರಲ್ಲಿ ಕಾಮಾಲೆ ಬಂದಿದ್ದ ಗಂಡಸರು ಒಬ್ಬೊಬ್ಬರಾಗಿ ಹೊನ್ನಿಯ ಜಗಲಿಗೆ ಬಂದು ನಾಚಿಕೊಂಡು ಅಂಗಿ ಎತ್ತಿದರು, ಅವರ ಅಳತೆಯ ದಾರಗಳು ಗೂಟ ಸೇರಿದವು. ಯಾರ ಹಳೇ ದಾರವೂ ಅಳತೆಗೆಂದು ಹೊಸದರ ಪಕ್ಕದಲ್ಲಿ ಮಲಗದೆ ಹೊಳೆಗೆ ಹೋಗಲಿಲ್ಲ.

ಸುಕ್ರಿ ಆಮೇಲೆ ಯಾರಿಗೂ ದಾರ ಹೊಸೆಯಲಿಲ್ಲ. ಇಳಿತದ ಹೊತ್ತಿಗೆ ಕಡಲಿನ ದಡಕ್ಕೆ ಹೋಗಿ, ತೆರೆ ತಂದು ಹಾಕಿದ ಕಸವನ್ನು ಬಗ್ಗಿ ಬಗ್ಗಿ ನೋಡುತ್ತ ನಡೆಯುತ್ತಿದ್ದಳು. ಎಂತ ಹುಡುಕ್ತೆ ಅಜ್ಜಿ ಎಂದು ಯಾರಾದರೂ ಕೇಳಿದರೆ, "ಒಂದ್ ದಾರ, ಸೊಸೆ ಗಂಟು ಹಾಕಿದ್ದು" ಎನ್ನುತ್ತಿದ್ದಳು. ಸಂಜೆಯಾದ ಮೇಲೆ ಹೊನ್ನಿ ಹೋಗಿ ಅವಳನ್ನು ಕರೆದುಕೊಂಡು ಬರುತ್ತಿದ್ದಳು.